ಎಂಟನೇ ಮೈಲಿಯಾಚೆಯ ಪೇಟೆ: ನಾರ್ತ್‌ಲ್ಯಾಂಡ್ ಸೆಂಟರ್ ನಡೆದು ಬಂದ ದಾರಿ

ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಬದುಕಿರುವ ಸಂಸ್ಥೆಗಳಿಗೇ ಜಾಗ. ಅಧ್ಯಕ್ಷರ ಶುಭಸಂದೇಶ, ದಾನಿಗಳ ಭಾವಚಿತ್ರ, ಮುಂದಿನ ಯೋಜನೆಗಳ ವಿವರ ಎಲ್ಲ ಇರುತ್ತವೆ. ನಾರ್ತ್‌ಲ್ಯಾಂಡ್ ಸೆಂಟರಿನ ವಿಷಯದಲ್ಲಿ ಆ ಅನುಕೂಲವಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ನಗರದ ಗಡಿ ದಾಟುತ್ತಲೇ ಸಿಗುವ ಸೌತ್‌ಫೀಲ್ಡಿನಲ್ಲಿ 1954ರ ಮಾರ್ಚ್ 22ರಂದು ಬಾಗಿಲು ತೆರೆದ ಈ ಮಾಲ್ 2015ರಲ್ಲಿ ಮುಚ್ಚಿತು. ಹುಟ್ಟಿ ಎಪ್ಪತ್ತು ವರ್ಷ ದಾಟಿದ ನೆಪದಲ್ಲಿ ಅದರ ಚರಿತ್ರೆಯನ್ನು ಬರೆಯುವಾಗ ಹಾರ ಹಾಕಲು ಕೊರಳಿಲ್ಲ. ಆದರೂ ಈ ಚರಿತ್ರೆ ಬರೆಯಬೇಕಾದದ್ದೇ. ಇಂದು ಜಗತ್ತಿನ ದೊಡ್ಡ ಊರುಗಳ ಅಂಚಿನಲ್ಲೆಲ್ಲ ಕಾಣುವ ಮಾಲ್‌ಗಳ ಹಿರಿಯರ ಸಾಲಿನಲ್ಲಿ ನಾರ್ತ್‌ಲ್ಯಾಂಡ್ ಇದೆ. ಅದರ ಅಳಿವಿನ ಕಾರಣಗಳೂ ಅದರ ಹುಟ್ಟಿನ ಕಾರಣಗಳಿಗೆ ತೀರ ಹತ್ತಿರದ ಸಂಬಂಧಿಗಳು.

ಮೂಲಸಂಸ್ಥೆ: 1881ರಿಂದ 1948

ನಾರ್ತ್‌ಲ್ಯಾಂಡಿನ ಕಥೆ ಶುರುವಾಗುವುದು ಊರಾಚೆಯ ಹೊಲದಲ್ಲಲ್ಲ, ಡೆಟ್ರಾಯ್ಟಿನ ನಡುಮಧ್ಯದ ವುಡ್‌ವರ್ಡ್ ರಸ್ತೆಯಲ್ಲಿ. ಜೋಸೆಫ್ ಲೋತಿಯನ್ ಹಡ್ಸನ್ 1881ರಲ್ಲಿ ತೆರೆದ ಬಟ್ಟೆಯಂಗಡಿ ಬೆಳೆಯುತ್ತ ಬೆಳೆಯುತ್ತ ಒಂದಿಡೀ ಬೀದಿಚೌಕವನ್ನೇ ಆಕ್ರಮಿಸಿತು. ಜೆ.ಎಲ್. ಹಡ್ಸನ್ ಕಂಪನಿಯ ಆ ಕಟ್ಟಡ ಜಗತ್ತಿನ ಅತಿ ಎತ್ತರದ ಡಿಪಾರ್ಟ್‌ಮೆಂಟ್ ಸ್ಟೋರ್ ಎಂಬ ಹೆಸರು ಪಡೆದಿತ್ತು. ವಿಸ್ತಾರದಲ್ಲಿ ಅದಕ್ಕಿಂತ ಮುಂದಿದ್ದದ್ದು ನ್ಯೂಯಾರ್ಕಿನ ಮೇಸೀಸ್ ಒಂದೇ. ಸೂಜಿಯಿಂದ ಸೋಫಾದವರೆಗೆ ಒಂದೇ ಸೂರಿನಡಿ ಸಿಗುತ್ತಿತ್ತು. ಊರಿನವರು ಅದನ್ನು ಅಂಗಡಿ ಎಂದುಕೊಳ್ಳದೆ ಊರಿನದೇ ಒಂದು ಅಂಗ ಎಂದುಕೊಂಡಿದ್ದರು. 1924ರಲ್ಲಿ ಶುರುವಾದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೆರವಣಿಗೆಯನ್ನೂ ಈ ಕಂಪನಿಯೇ ಹೊರಡಿಸಿತ್ತು.

ಈ ಕಂಪನಿಗೆ ಒಂದು ಹಟವಿತ್ತು: ಅಂಗಡಿ ಒಂದೇ, ಜಾಗ ಒಂದೇ. ಗಿರಾಕಿಗಳು ನಮ್ಮಲ್ಲಿಗೆ ಬರಬೇಕು, ನಾವು ಅವರಿದ್ದಲ್ಲಿಗೆ ಹೋಗುವುದಲ್ಲ. ಡೆಟ್ರಾಯ್ಟ್ ಬೆಳೆಯುತ್ತಿದ್ದಷ್ಟು ಕಾಲ ಇದು ನಡೆಯಿತು. 1950ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 18,49,568. ಅದಾದ ಮೇಲೆ ಅದು ಯಾವ ಜನಗಣತಿಯಲ್ಲೂ ಆ ಅಂಕಿಯನ್ನು ಮುಟ್ಟಲಿಲ್ಲ. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಸರ್ಕಾರದ ಗೃಹಸಾಲ, ಕಾರಿನ ಕಾರ್ಖಾನೆಗಳಲ್ಲಿ ಕೈತುಂಬ ಕೆಲಸ, ತಾವೇ ತಯಾರಿಸಿದ ಕಾರು ಕೊಳ್ಳುವಷ್ಟು ಸಂಬಳ. ಜನ ಊರಿನ ಅಂಚಿಗೆ, ಅಂಚಿನಿಂದ ಆಚೆಗೆ ಹೊರಟರು. ಹೊಸ ಬಡಾವಣೆಗಳಲ್ಲಿ ಮನೆಯಿತ್ತು, ಹುಲ್ಲುಹಾಸಿತ್ತು, ಕಾರು ನಿಲ್ಲಿಸಲು ಗ್ಯಾರೇಜಿತ್ತು. ಪೇಟೆ ಮಾತ್ರ ಇರಲಿಲ್ಲ. ನಾಲ್ಕು ಜನ ಕೂಡುವ ಚೌಕವೂ ಇರಲಿಲ್ಲ. ಮುಂದೆ ಬಂದ ಸಂಸ್ಥೆ ಈಡೇರಿಸಿದ ಸಾಮಾಜಿಕ ಅಗತ್ಯ ಯಾವುದು ಎಂದು ಕೇಳಿದರೆ ಉತ್ತರ ಇದೇ.

ಆ ಅಗತ್ಯ ಎಲ್ಲರದೂ ಆಗಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಗೃಹಸಾಲಕ್ಕೆ ಸರ್ಕಾರ ಕೊಡುತ್ತಿದ್ದ ಭದ್ರತೆ ಬಿಳಿಯರ ಬಡಾವಣೆಗಳಿಗೆ ಸಲೀಸಾಗಿ ಸಿಗುತ್ತಿತ್ತು, ಕಪ್ಪು ವರ್ಣೀಯರ ಕೇರಿಗಳಿಗೆ ಸಿಗುತ್ತಿರಲಿಲ್ಲ. ಡೆಟ್ರಾಯ್ಟಿನ ಉತ್ತರದ ಗಡಿಯಾದ ಎಂಟನೇ ಮೈಲಿ ರಸ್ತೆಯ ಬಳಿ, ನಾರ್ತ್‌ಲ್ಯಾಂಡ್ ತಲೆಯೆತ್ತಲಿದ್ದ ಜಾಗದಿಂದ ಕೆಲವೇ ಮೈಲಿ ಪೂರ್ವಕ್ಕೆ, 1941ರಲ್ಲಿ ಒಬ್ಬ ಬಿಲ್ಡರ್ ಎರಡು ಜನಾಂಗಗಳ ಮನೆಗಳ ನಡುವೆ ಅರ್ಧ ಮೈಲಿ ಉದ್ದದ ಆಳೆತ್ತರದ ಗೋಡೆ ಕಟ್ಟಿಸಿದ. ತನ್ನ ಬಿಳಿಯ ಗಿರಾಕಿಗಳಿಗೆ ಸಾಲ ಮಂಜೂರಾಗಲಿ ಎಂಬುದೊಂದೇ ಅದರ ಉದ್ದೇಶ. ಆ ಗೋಡೆ ಇಂದಿಗೂ ಇದೆ. ಈಗ ಅದರ ಮೇಲೆ ಚಿತ್ರ ಬರೆದಿದ್ದಾರೆ.

ಸ್ಥಾಪನೆ: 1948ರಿಂದ 1954

ಸಂಸ್ಥಾಪಕರಲ್ಲಿ ಎರಡು ಹೆಸರು ಮುಖ್ಯ. ಒಬ್ಬರು ಹಡ್ಸನ್ ಅವರ ಸೋದರಳಿಯ, ಕಂಪನಿಯ ಅಧ್ಯಕ್ಷರಾದ ಆಸ್ಕರ್ ವೆಬರ್. ಇನ್ನೊಬ್ಬರು ವಿಕ್ಟರ್ ಗ್ರೂಯನ್. ವಿಯೆನ್ನಾದಲ್ಲಿ 1903ರಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ, ಸಂಜೆ ಹೊತ್ತು ರಾಜಕೀಯ ವಿಡಂಬನೆಯ ರಂಗವನ್ನೂ ಏರುತ್ತಿದ್ದವರು. 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಕ್ಕೆ ನುಗ್ಗಿದಾಗ ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಬಂದರು. ಜೇಬಿನಲ್ಲಿದ್ದದ್ದು ಎಂಟು ಡಾಲರು ಎಂದು ಮುಂದೆ ಹೇಳಿಕೊಳ್ಳುತ್ತಿದ್ದರು. ಅಂಗಡಿಗಳ ಮುಂಭಾಗ ಚಂದಗಾಣಿಸುವ ಕೆಲಸದಿಂದ ಶುರುಮಾಡಿ, 1949ರ ಹೊತ್ತಿಗೆ ಲಾಸ್ ಏಂಜಲಿಸಿನಲ್ಲಿ ಛಾವಣಿಯ ಮೇಲೆ ಕಾರು ನಿಲ್ಲಿಸುವ ಮಿಲಿರನ್ಸ್ ಅಂಗಡಿಯವರೆಗೆ ಬಂದಿದ್ದರು.

1940ರ ದಶಕದ ಕೊನೆಯಲ್ಲಿ ಗ್ರೂಯನ್ ಡೆಟ್ರಾಯ್ಟಿಗೆ ಬಂದು ಹಡ್ಸನ್ಸ್ ಅಂಗಡಿಯನ್ನು ಅಡ್ಡಾಡಿ ನೋಡಿದರು. ಆಮೇಲೆ ಕಾರಿನಲ್ಲಿ ಊರಾಚೆಯ ಬಡಾವಣೆಗಳನ್ನು ಸುತ್ತಿದರು. ಗಿರಾಕಿಗಳೆಲ್ಲ ಇತ್ತ, ಅಂಗಡಿ ಅತ್ತ ಎಂಬುದು ಹೊಸಬರ ಕಣ್ಣಿಗೆ ಬೇಗ ಬಿತ್ತು. ಹಡ್ಸನ್ಸ್ ತಾನಾಗಿ ಹೊರವಲಯಕ್ಕೆ ಹೋಗದಿದ್ದರೆ ಬೇರೆ ಯಾರೋ ಹೋಗುತ್ತಾರೆ, ಅವರು ರಸ್ತೆಯ ಇಕ್ಕೆಲದಲ್ಲಿ ಸಾಲಂಗಡಿ ಹಾಕಿ ಊರನ್ನು ಗಬ್ಬೆಬ್ಬಿಸುತ್ತಾರೆ ಎಂಬುದು ಅವರ ವಾದ. ಕಂಪನಿಯಲ್ಲಿ ಇದಕ್ಕೆ ಕೂಡಲೇ ಒಪ್ಪಿಗೆ ಸಿಗಲಿಲ್ಲ. ಒಂದೇ ಅಂಗಡಿಯ ಸಂಪ್ರದಾಯವನ್ನು ಕಾಪಾಡಿಕೊಂಡು ಬಂದವರಿಗೆ ಕವಲು ತೆರೆಯುವುದು ಇಷ್ಟವಿರಲಿಲ್ಲ. ಅಭಿಪ್ರಾಯಭೇದಗಳು ಸೌಹಾರ್ದದಿಂದ ಬಗೆಹರಿದವು ಎಂದು ಇಂಥ ಲೇಖನಗಳಲ್ಲಿ ಬರೆಯುವುದು ವಾಡಿಕೆ. ಇಲ್ಲಿ ಲೆಕ್ಕಪುಸ್ತಕ ಬಗೆಹರಿಸಿತು ಎನ್ನುವುದು ಹೆಚ್ಚು ಸರಿ.

1950ರಲ್ಲಿ ಕಂಪನಿ ತನ್ನ ಯೋಜನೆ ಪ್ರಕಟಿಸಿತು. ನಗರದ ಸುತ್ತ ಬೇರೆ ಬೇರೆ ದಿಕ್ಕುಗಳಲ್ಲಿ ದಿಕ್ಕಿನ ಹೆಸರಿನದೇ ಪೇಟೆಗಳು. ಮೊದಲು ಕಟ್ಟಬೇಕಿದ್ದದ್ದು ಪೂರ್ವದ ಈಸ್ಟ್‌ಲ್ಯಾಂಡ್. ಅಷ್ಟರಲ್ಲಿ ಕೊರಿಯಾ ಯುದ್ಧ ಬಂದು ಉಕ್ಕಿಗೆ ಕಡಿವಾಣ ಬಿತ್ತು, ಕೆಲಸ ನಿಂತಿತು. ಮತ್ತೆ ಶುರುವಾಗುವ ಹೊತ್ತಿಗೆ ಉತ್ತರದ ಸರದಿ ಮುಂದೆ ಬಂದಿತ್ತು. ಎಂಟನೇ ಮೈಲಿ ಮತ್ತು ಒಂಬತ್ತನೇ ಮೈಲಿ ರಸ್ತೆಗಳ ನಡುವೆ, ಗ್ರೀನ್‌ಫೀಲ್ಡ್ ರಸ್ತೆಯ ಪಕ್ಕದಲ್ಲಿ, ನೂರಕ್ಕೂ ಹೆಚ್ಚು ಎಕರೆ ಬಯಲಿನಲ್ಲಿ 1952ರಲ್ಲಿ ಕೆಲಸ ಆರಂಭವಾಯಿತು. ಆಗ ಸೌತ್‌ಫೀಲ್ಡ್ ನಗರವೂ ಆಗಿರಲಿಲ್ಲ, ಬರೀ ಒಂದು ಟೌನ್‌ಶಿಪ್. ವೆಚ್ಚ ಸುಮಾರು 3 ಕೋಟಿ ಡಾಲರು.

ಕಟ್ಟಡದ ಬಗೆ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ನಾರ್ತ್‌ಲ್ಯಾಂಡನ್ನು ಬರೀ ದೊಡ್ಡದು ಎಂದು ಹೊಗಳಿದವರು ಅದರ ಜಾಣತನವನ್ನು ಕಾಣಲಿಲ್ಲ.

ಅಲ್ಲಿಯವರೆಗಿನ ಊರಾಚೆಯ ಅಂಗಡಿಗಳು ರಸ್ತೆಗೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಿದ್ದವು, ಮುಂದೆ ಕಾರುಗಳ ಸಾಲು. ಗ್ರೂಯನ್ ಮತ್ತು ಅವರ ಪಾಲುದಾರ ಕಾರ್ಲ್ ವ್ಯಾನ್ ಲ್ಯೂವೆನ್ ಇದನ್ನು ತಿರುವುಹಾಕಿದರು. ಹಡ್ಸನ್ಸ್‌ನ ನಾಲ್ಕಂತಸ್ತಿನ, ಸುಮಾರು 5 ಲಕ್ಷ ಚದರಡಿಯ ಕಟ್ಟಡವನ್ನು ನಟ್ಟನಡುವೆ ಇಟ್ಟರು. ಅದರ ಸುತ್ತ ತಗ್ಗು ಕಟ್ಟಡಗಳಲ್ಲಿ ಸಣ್ಣ ಅಂಗಡಿಗಳು, ಎಲ್ಲ ಸೇರಿ ನೂರರ ಹತ್ತಿರ. ಕಟ್ಟಡ ಕಟ್ಟಡಗಳ ನಡುವೆ ಅಂಗಳ, ಓಣಿ, ಕಟ್ಟೆ, ಹೂವಿನ ಪಾತಿ, ಕಾರಂಜಿ. ಕಾರುಗಳೆಲ್ಲ ಹೊರಸುತ್ತಿನಲ್ಲಿ, ಸಾವಿರಗಟ್ಟಲೆ. ಹಡ್ಸನ್ಸ್‌ಗೆ ಹೋಗಬೇಕೆಂದು ಬಂದವರು ಯಾವ ಬದಿಯಲ್ಲಿ ಕಾರು ನಿಲ್ಲಿಸಿದರೂ ನಡುವಿನ ಕಟ್ಟಡ ತಲುಪಬೇಕಾದರೆ ಸಣ್ಣ ಅಂಗಡಿಗಳ ಮುಂದೆ ಹಾದೇ ಹೋಗಬೇಕು. ದೊಡ್ಡಂಗಡಿ ಜನರನ್ನು ಎಳೆಯುತ್ತದೆ, ಸಣ್ಣಂಗಡಿ ದಾರಿಯಲ್ಲಿ ಅವರನ್ನು ಹಿಡಿಯುತ್ತದೆ, ಸಣ್ಣಂಗಡಿ ಕೊಡುವ ಬಾಡಿಗೆ ಪೇಟೆಯನ್ನು ಸಾಕುತ್ತದೆ. ಜಗತ್ತಿನ ಯಾವ ಮಾಲಿಗೇ ಹೋದರೂ ದೊಡ್ಡ ಮಳಿಗೆ ದೂರದ ತುದಿಯಲ್ಲೋ ಮೇಲಿನ ಮಹಡಿಯಲ್ಲೋ ಇರುವುದು ಯಾಕೆ ಎಂಬುದಕ್ಕೆ ಈ ನಡಿಗೆಯ ಲೆಕ್ಕವೇ ಕಾರಣ. ನಾರ್ತ್‌ಲ್ಯಾಂಡಿನಲ್ಲಿ ಇನ್ನೊಂದು ಅನುಕೂಲವೂ ಇತ್ತು. ದೊಡ್ಡಂಗಡಿಯವರೇ ಪೇಟೆಯ ಒಡೆಯರು. ಹಾಗಾಗಿ ತಮ್ಮ ಅಂಗಳದ ಅಂದಕ್ಕೆ ಹಣ ಸುರಿಯಲು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ.

ಸರಕು ತರುವ ಲಾರಿಗಳು ಗಿರಾಕಿಗಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅವಕ್ಕೆ ನೆಲದಡಿಯಲ್ಲಿ ಸುರಂಗ. ಅಲ್ಲಿಂದಲೇ ಅಂಗಡಿಗಳ ನೆಲಮಾಳಿಗೆಗೆ ಸಾಮಾನು ಇಳಿಯುತ್ತಿತ್ತು, ಅಲ್ಲಿಂದಲೇ ಕಸ ಹೊರಹೋಗುತ್ತಿತ್ತು. ಮೇಲೆ ಮಕ್ಕಳು ಓಡಾಡುತ್ತಿದ್ದರೆ ಕೆಳಗೆ ಡೀಸೆಲ್ ಲಾರಿ ಓಡಾಡುತ್ತಿತ್ತು. ಫಲಕಗಳ ಅಕ್ಷರವಿನ್ಯಾಸವನ್ನು ಆ ಕಾಲದ ಹೆಸರಾಂತ ವಿನ್ಯಾಸಕಾರ ಆಲ್ವಿನ್ ಲಸ್ಟಿಗ್ ಮಾಡಿದ್ದರು, ಬಾಣದ ಗುರುತಿನಿಂದ ಹಿಡಿದು ಎಲ್ಲಕ್ಕೂ ಒಂದೇ ಕೈ. ಅಂಗಳಗಳಲ್ಲಿ ಶಿಲ್ಪಗಳಿದ್ದವು. ಮಾರ್ಷಲ್ ಫ್ರೆಡೆರಿಕ್ಸ್ ಮಾಡಿದ ‘ಬಾಲಕ ಮತ್ತು ಕರಡಿ’ ಅವುಗಳಲ್ಲಿ ಎಲ್ಲರಿಗೂ ಅಚ್ಚುಮೆಚ್ಚು: ಭಾರೀ ಕರಡಿಯ ಬೆನ್ನ ಮೇಲೆ ಆರಾಮಾಗಿ ಕೂತ ಪುಟ್ಟ ಹುಡುಗ. ಇದೇ ಶಿಲ್ಪಿ ನಾಲ್ಕು ವರ್ಷದ ನಂತರ ನಗರದ ಗುರುತೇ ಆಗಿಹೋದ ‘ಸ್ಪಿರಿಟ್ ಆಫ್ ಡೆಟ್ರಾಯ್ಟ್’ ಪ್ರತಿಮೆಯನ್ನೂ ಮಾಡಿದರು.

ಅಂಗಡಿಗಳ ಜೊತೆಗೆ ಅಂಚೆ ಕಚೇರಿ, ಬ್ಯಾಂಕು, ಸಂಘಸಂಸ್ಥೆಗಳು ಸಭೆ ಸೇರಲು ಕೋಣೆಗಳೂ ಇದ್ದವು. ಮಾರಾಟಕ್ಕೆ ನೇರ ನೆರವಾಗದ ಇಂಥ ಜಾಗಕ್ಕೆ ಗ್ರೂಯನ್ ಪಟ್ಟು ಹಿಡಿದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ವಿಯೆನ್ನಾದ ಚೌಕ. ಕೊಳ್ಳುವುದು ಅಲ್ಲಿ ನಡೆಯುವ ಹಲವು ವ್ಯವಹಾರಗಳಲ್ಲಿ ಒಂದು. ಪ್ರಸಿದ್ಧ ‘ಆರ್ಕಿಟೆಕ್ಚರಲ್ ಫೋರಂ’ ಪತ್ರಿಕೆ ನಾರ್ತ್‌ಲ್ಯಾಂಡನ್ನು ಮನಸಾರೆ ಹೊಗಳಿತು. ಹಳೆಯ ಊರುಗಳ ಬೀದಿಬಾಳಿನ ಪರವಾಗಿ ಮುಂದೆ ದೊಡ್ಡ ದನಿಯೆತ್ತಿದ ಜೇನ್ ಜೇಕಬ್ಸ್ ಆಗ ಅದೇ ಪತ್ರಿಕೆಯಲ್ಲಿದ್ದರು.

ಏಳಿಗೆಯ ವರ್ಷಗಳು: 1954ರಿಂದ 1967

ತೆರೆದಾಗ ನಾರ್ತ್‌ಲ್ಯಾಂಡ್ ಜಗತ್ತಿನ ಅತಿ ದೊಡ್ಡ ಶಾಪಿಂಗ್ ಸೆಂಟರ್ ಎಂದು ಕರೆಸಿಕೊಂಡಿತು. ವ್ಯಾಪಾರ ಅಂದುಕೊಂಡದ್ದಕ್ಕಿಂತ ಮುಂದೆ ಹೋಯಿತು. ಬೇರೆ ಊರುಗಳ ಅಂಗಡಿ ಮಾಲೀಕರು, ನಗರಸಭೆಯವರು, ವಾಸ್ತುಶಿಲ್ಪಿಗಳು ನೋಡಲು ಬಂದರು, ನೋಡಿಕೊಂಡು ಹೋಗಿ ತಮ್ಮ ಊರಾಚೆ ಕಟ್ಟಿದರು. 1957ರಲ್ಲಿ ತಡವಾಗಿಯಾದರೂ ಈಸ್ಟ್‌ಲ್ಯಾಂಡ್ ತೆರೆಯಿತು, 1965ರಲ್ಲಿ ವೆಸ್ಟ್‌ಲ್ಯಾಂಡ್, 1970ರಲ್ಲಿ ಸೌತ್‌ಲ್ಯಾಂಡ್. ವೆಸ್ಟ್‌ಲ್ಯಾಂಡ್ ನಿಂತ ಊರು ಮಾಲಿನ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿತು. ದೇವಸ್ಥಾನದಿಂದ ಊರಿಗೆ ಹೆಸರು ಬರುವುದನ್ನು ಬಲ್ಲ ನಮಗೆ ಇದು ವಿಚಿತ್ರ ಅನ್ನಿಸಬೇಕಾಗಿಲ್ಲ.

ನಾರ್ತ್‌ಲ್ಯಾಂಡಿನ ಸುತ್ತ ಊರು ಬೆಳೆಯಿತು. ಸೌತ್‌ಫೀಲ್ಡ್ 1958ರಲ್ಲಿ ನಗರವಾಯಿತು. ಆಸ್ಪತ್ರೆ, ಕಚೇರಿ ಕಟ್ಟಡಗಳು, ಅಪಾರ್ಟ್‌ಮೆಂಟುಗಳು ಒಂದರ ಹಿಂದೊಂದು ಬಂದವು. ಲಾಡ್ಜ್ ಹೆದ್ದಾರಿ ಡೆಟ್ರಾಯ್ಟಿನ ನಡುವಿನಿಂದ ನೇರವಾಗಿ ಈ ದಿಕ್ಕಿಗೆ ಹರಿಯಿತು. ಮಾಲಿನಿಂದ ಬರುವ ತೆರಿಗೆ ಹೊಸ ನಗರಸಭೆಗೆ ಗಟ್ಟಿ ಆಧಾರವಾಯಿತು.

ಇದೇ 1954ರಲ್ಲಿ ವಾಷಿಂಗ್ಟನ್ನಿನಲ್ಲಿ ಇನ್ನೊಂದು ಕೆಲಸ ನಡೆಯಿತು. ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಬರದ ವಿಷಯ, ಆದರೆ ಈ ಸಂಸ್ಥೆಯ ಆಯುಷ್ಯವನ್ನು ಬರೆದವುಗಳಲ್ಲಿ ಅದೂ ಒಂದು. ಹೊಸ ತೆರಿಗೆ ಕಾನೂನು, ಹೊಸದಾಗಿ ಕಟ್ಟಿದ ವಾಣಿಜ್ಯ ಕಟ್ಟಡದ ಸವಕಳಿಯನ್ನು ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚಾಗಿ ತೋರಿಸಿಕೊಳ್ಳಲು ಬಿಟ್ಟಿತು. ಅಂದರೆ ಬಾಡಿಗೆ ಕೈಗೆ ಬರುತ್ತಿದ್ದರೂ ಕಾಗದದ ಮೇಲೆ ನಷ್ಟ, ನಷ್ಟವಾದ್ದರಿಂದ ತೆರಿಗೆ ಇಲ್ಲ. ಕೆಲವು ವರ್ಷ ಕಳೆದು ಸವಕಳಿ ತೀರುತ್ತ ಬಂದಾಗ ಕಟ್ಟಡ ಮಾರಿ ಇನ್ನೊಂದು ಕಟ್ಟುವುದು ಲಾಭ. ಹಳೆಯದನ್ನು ದುರಸ್ತಿ ಮಾಡಿ ಬಾಳಿಸುವುದಕ್ಕಿಂತ ಬಯಲಿನಲ್ಲಿ ಹೊಸದು ಎಬ್ಬಿಸುವುದೇ ಜಾಣತನ ಎಂದು ಸರ್ಕಾರವೇ ಹೇಳಿಕೊಟ್ಟ ಹಾಗಾಯಿತು. ಬೇಡಿಕೆ ಇದೆಯೋ ಇಲ್ಲವೋ, ದೇಶದ ತುಂಬ ಮಾಲ್‌ಗಳು ಎದ್ದವು.

ಏಳಿಗೆಯ ಇನ್ನೊಂದು ಮುಖ ವುಡ್‌ವರ್ಡ್ ರಸ್ತೆಯಲ್ಲಿ ಕಂಡಿತು. ಹಡ್ಸನ್ಸ್‌ನ ನೆರೆಯ ಡಿಪಾರ್ಟ್‌ಮೆಂಟ್ ಸ್ಟೋರ್ ಕರ್ನ್ಸ್ 1959ರಲ್ಲಿ ಮುಚ್ಚಿತು. ಹಡ್ಸನ್ಸ್ ಕಂಪನಿಯ ಒಟ್ಟು ವಹಿವಾಟು ಹೆಚ್ಚುತ್ತಿದ್ದರೂ ತಾಯಿ ಅಂಗಡಿಯ ಪಾಲು ಇಳಿಯತೊಡಗಿತು. ಕವಲುಗಳು ಬೇರಿನ ನೀರು ಕುಡಿಯುತ್ತಿವೆ ಎಂದು ಕಂಪನಿಗೆ ಗೊತ್ತಾಗದೇ ಇರಲಿಲ್ಲ, ಆದರೆ ಹೊರಟ ದಾರಿಯಲ್ಲಿ ಹಿಂದಿರುಗುವ ಹಾಗಿರಲಿಲ್ಲ.

ಛಾವಣಿ ಬಂದ ಕಾಲ: 1967ರಿಂದ 1983

1967ರ ಜುಲೈಯಲ್ಲಿ ಡೆಟ್ರಾಯ್ಟ್ ಹೊತ್ತಿ ಉರಿಯಿತು. ಪೊಲೀಸರ ಒಂದು ದಾಳಿಯಿಂದ ಶುರುವಾದ ಗಲಭೆಯಲ್ಲಿ 43 ಜನ ಸತ್ತರು. ಅದಕ್ಕಿಂತ ಮೊದಲೇ ಹೊರಟಿದ್ದ ಬಿಳಿಯ ಕುಟುಂಬಗಳ ಹೊರವಲಸೆ ಇನ್ನಷ್ಟು ಬಿರುಸಾಯಿತು. 1969ರಲ್ಲಿ ಹಡ್ಸನ್ಸ್ ಮಿನಿಯಾಪೊಲಿಸಿನ ಡೇಟನ್ಸ್ ಜೊತೆ ವಿಲೀನವಾಯಿತು. ಈ ಡೇಟನ್ಸ್‌ಗೂ ಗ್ರೂಯನ್ನರಿಗೂ ಹಳೆಯ ನಂಟು: 1956ರಲ್ಲಿ ಅಲ್ಲಿನ ಈಡೈನಾದಲ್ಲಿ ಗ್ರೂಯನ್ ಡೇಟನ್ಸ್‌ಗಾಗಿ ಸೌತ್‌ಡೇಲ್ ಕಟ್ಟಿದ್ದರು. ಸಂಪೂರ್ಣ ಛಾವಣಿ ಹೊದ್ದು, ಚಳಿ ಸೆಕೆ ಎರಡನ್ನೂ ಹೊರಗಿಟ್ಟ ಮೊದಲ ಹೊರವಲಯದ ಮಾಲ್ ಅದು. ಮಿಷಿಗನ್ನಿನ ಜನವರಿಯಲ್ಲಿ ಹಿಮ ತುಳಿಯುತ್ತ ಅಂಗಳದಿಂದ ಅಂಗಳಕ್ಕೆ ನಡೆಯುವುದು ಎಷ್ಟು ಹಿತವೋ ಅನುಭವಿಸಿದವರಿಗೇ ಗೊತ್ತು. ಸೌತ್‌ಡೇಲ್ ಬಂದ ಮೇಲೆ ನಾರ್ತ್‌ಲ್ಯಾಂಡಿನ ತೆರೆದ ಅಂಗಳಗಳು ಕೊರತೆಯಾಗಿ ಕಾಣತೊಡಗಿದವು. 1975ರ ಹೊತ್ತಿಗೆ ಅವಕ್ಕೂ ಮಾಡು ಹಾಕಲಾಯಿತು, ಜೆ.ಸಿ. ಪೆನ್ನಿ ಕೂಡ ಬಂತು. ಅನುಕೂಲವಾಯಿತು ನಿಜ. ಆದರೆ ಬೇರೆಡೆ ಎಲ್ಲಿಯೂ ಸಿಗದ ಒಂದು ಗುಣವನ್ನು ಕೊಟ್ಟು ಎಲ್ಲೆಡೆ ಸಿಗುವ ಒಂದು ಗುಣವನ್ನು ಕೊಂಡ ಹಾಗಾಯಿತು ಎಂದು ನನ್ನ ಅನಿಸಿಕೆ.

ಎಲ್ಲೆಡೆ ಸಿಗುವುದಕ್ಕೆ ತಡವೂ ಆಗಲಿಲ್ಲ. ಸಮೀಪದ ಪಾಂಟಿಯಾಕ್ ಊರಿನ ಬಿಲ್ಡರ್ ಎ. ಆಲ್ಫ್ರೆಡ್ ಟಾಬ್ಮನ್ 1976ರಲ್ಲಿ ಡಿಯರ್‌ಬಾರ್ನಿನಲ್ಲಿ ಫೇರ್‌ಲೇನ್, ಅದೇ ವರ್ಷ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಲೇಕ್‌ಸೈಡ್, 1977ರಲ್ಲಿ ನೋವೈಯಲ್ಲಿ ಟ್ವೆಲ್ವ್ ಓಕ್ಸ್ ಮಾಲ್‌ಗಳನ್ನು ತೆರೆದರು. ನಾರ್ತ್‌ಲ್ಯಾಂಡಿಗಿಂತ ಹೊಸವು, ಹೊಳೆಯುವವು, ಇನ್ನೂ ಹೊರಗಿನವು. ಅವುಗಳಲ್ಲೆಲ್ಲ ಹಡ್ಸನ್ಸ್ ಕೂಡ ಬಾಗಿಲು ತೆರೆದಿತ್ತು ಎಂಬುದು ಗಮನಿಸಬೇಕಾದ ಮಾತು. 1954ರಲ್ಲಿ ತಾಯಿ ಅಂಗಡಿಗೆ ನಾರ್ತ್‌ಲ್ಯಾಂಡ್ ಮಾಡಿದ್ದನ್ನೇ ಈಗ ನಾರ್ತ್‌ಲ್ಯಾಂಡಿಗೆ ತಂಗಿಯರು ಮಾಡಿದರು.

ಒಡೆತನವೂ ಕೈ ಬದಲಿಸಿತು. ಕಂಪನಿ ತನ್ನ ಶಾಪಿಂಗ್ ಸೆಂಟರುಗಳನ್ನು 1978ರಲ್ಲಿ ಈಕ್ವಿಟಬಲ್ ವಿಮಾ ಕಂಪನಿಗೆ ಮಾರಿತು. ದೊಡ್ಡಂಗಡಿಯವರೇ ಮನೆಯೊಡೆಯರು ಎಂಬ ಕಾಲ ಅಲ್ಲಿಗೆ ಮುಗಿಯಿತು. ಅದೇ ವರ್ಷ ಲಂಡನ್ನಿನ ಒಂದು ಸಭೆಯಲ್ಲಿ ಗ್ರೂಯನ್, ಅಮೆರಿಕದ ಮಾಲ್‌ಗಳಿಗೆ ತನ್ನನ್ನು ತಂದೆ ಎಂದು ಕರೆಯಬೇಡಿ ಎಂಬರ್ಥದ ಮಾತುಗಳನ್ನು ಕಟುವಾಗಿಯೇ ಆಡಿದರು. ಸಭೆಯ ಕೋಣೆ, ಮನೆ, ಶಾಲೆ, ಕಚೇರಿ ಎಲ್ಲ ಬಿಟ್ಟು ಲಾಭದ ಭಾಗವನ್ನಷ್ಟೇ ಬಿಲ್ಡರುಗಳು ನಕಲು ಮಾಡಿದ್ದಾರೆ ಎಂಬುದು ಅವರ ಸಿಟ್ಟು. ಅಷ್ಟರಲ್ಲಿ ಅವರು ವಿಯೆನ್ನಾಕ್ಕೆ ಮರಳಿದ್ದರು. ಅಲ್ಲಿಯೂ ಊರಿನ ದಕ್ಷಿಣಕ್ಕೆ 1976ರಲ್ಲಿ ಒಂದು ಭಾರೀ ಮಾಲ್ ತೆರೆದಿತ್ತು. 1980ರಲ್ಲಿ ಅವರು ತೀರಿಕೊಂಡರು.

1983ರ ಜನವರಿಯಲ್ಲಿ ವುಡ್‌ವರ್ಡ್ ರಸ್ತೆಯ ಹಡ್ಸನ್ಸ್ ಮುಚ್ಚಿತು. 1998ರ ಅಕ್ಟೋಬರ್ 24ರಂದು ಸಿಡಿಮದ್ದಿಟ್ಟು ಆ ಕಟ್ಟಡವನ್ನು ಕೆಡವಿದರು.

ಡೆಟ್ರಾಯ್ಟಿನವರ ಮಾಲ್: 1983ರಿಂದ 2006

ತಾಯಿ ಅಂಗಡಿ ಮುಚ್ಚಿದ ಮೇಲೆ ನಾರ್ತ್‌ಲ್ಯಾಂಡಿಗೆ ಒಂದು ಹೊಸ ಹೊಣೆ ಬಂತು. ಸ್ಥಾಪಕರು ಊಹಿಸಿರದ ಹೊಣೆ. ಡೆಟ್ರಾಯ್ಟಿನಂಥ ಮಹಾನಗರದ ನಡುವೆ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದೂ ಉಳಿಯಲಿಲ್ಲ. ನಗರದ ವಾಯವ್ಯ ಭಾಗದ ಕಪ್ಪು ವರ್ಣೀಯ ಕುಟುಂಬಗಳಿಗೆ ಶಾಲೆಯ ಬಟ್ಟೆ, ಹಬ್ಬದ ಬೂಟು, ಮದುವೆಯ ಉಡುಗೊರೆ ಎಲ್ಲಕ್ಕೂ ಹತ್ತಿರದ ಮಾಲ್ ಎಂದರೆ ಎಂಟನೇ ಮೈಲಿಯಾಚೆಯ ನಾರ್ತ್‌ಲ್ಯಾಂಡ್. ನಗರದ ಬಸ್ಸುಗಳೂ ಹೊರವಲಯದ ಬಸ್ಸುಗಳೂ ಅಲ್ಲಿ ಸಂಧಿಸುತ್ತಿದ್ದವು. ಕಾರಿನವರಿಗಾಗಿಯೇ ಕಟ್ಟಿದ ಪೇಟೆ ಕಾರಿಲ್ಲದವರಿಗೂ ಆಸರೆಯಾಯಿತು. ಅಂಗಡಿಗಳಲ್ಲಿ ಮೊದಲ ಕೆಲಸ, ಮೊದಲ ಸಂಬಳ ಕಂಡ ಹುಡುಗ ಹುಡುಗಿಯರಿಗೆ ಲೆಕ್ಕವಿಲ್ಲ. ಗ್ರೂಯನ್ ಕನಸಿದ ಚೌಕ ನಿಜವಾಗಿ ನೆರೆದದ್ದು ಈ ವರ್ಷಗಳಲ್ಲಿ ಎಂದೇ ನಾನು ಹೇಳುವುದು. ಸಂಸ್ಥೆಯ ವೈಭವವನ್ನು 1950ರ ದಶಕದ ಬಣ್ಣದ ಚಿತ್ರಗಳಲ್ಲಿ ಮಾತ್ರ ಹುಡುಕುವವರು ಇದನ್ನು ಬಿಟ್ಟುಬಿಡುತ್ತಾರೆ.

ಸೌತ್‌ಫೀಲ್ಡ್ ಕೂಡ ಬದಲಾಯಿತು. ಕಪ್ಪು ವರ್ಣೀಯ ಮಧ್ಯಮವರ್ಗದವರು ಇಲ್ಲಿ ಮನೆ ಕೊಂಡರು. 2000ದ ಜನಗಣತಿಯ ಹೊತ್ತಿಗೆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಅವರೇ. ಹೂಡಿಕೆದಾರರ ಲೆಕ್ಕಾಚಾರದಲ್ಲಿ ಇದಕ್ಕೆ ಬೇರೆಯದೇ ಅರ್ಥ. ಗಿರಾಕಿಗಳಿದ್ದರೂ, ಅವರ ಕೈಯಲ್ಲಿ ಹಣವಿದ್ದರೂ ದೊಡ್ಡ ಹೆಸರಿನ ಅಂಗಡಿಗಳು ಟ್ರಾಯ್‌ನ ಸಮರ್‌ಸೆಟ್ ಮಾಲಿನ ಕಡೆಗೆ, ನೋವೈ ಕಡೆಗೆ ಮುಖ ತಿರುಗಿಸಿದವು.

ಇಲ್ಲಿ ನಮ್ಮವರ ವಿಷಯವನ್ನೂ ಹೇಳಬೇಕು. 1965ರ ವಲಸೆ ಕಾನೂನಿನ ನಂತರ ಕಾರಿನ ಕಂಪನಿಗಳಿಗೆ, ಆಸ್ಪತ್ರೆಗಳಿಗೆ, ಆಮೇಲೆ ಸಾಫ್ಟ್‌ವೇರ್ ಕೆಲಸಗಳಿಗೆ ಬಂದ ಭಾರತೀಯರು ಡೆಟ್ರಾಯ್ಟಿನ ಹೊರವಲಯದಲ್ಲೇ ನೆಲೆಸಿದರು. ಪಂಪ ಕನ್ನಡ ಕೂಟದ ಚಟುವಟಿಕೆಗಳು ಬೆಳೆದದ್ದೂ ಈ ಹೊರವಲಯದಲ್ಲೇ. ಒಳ್ಳೆಯ ಶಾಲೆ, ಹೊಸ ಮನೆ ಹುಡುಕುತ್ತ ನಮ್ಮವರೂ ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್, ನೋವೈ, ಕ್ಯಾಂಟನ್ ಎಂದು ಹೊರಹೊರಕ್ಕೆ ಸರಿದರು. ನಾರ್ತ್‌ಲ್ಯಾಂಡನ್ನು ಖಾಲಿ ಮಾಡಿದ ಚಲನೆಯಲ್ಲಿ ನಾವೂ ಇದ್ದೆವು. ಯಾರೂ ಕೆಟ್ಟ ಉದ್ದೇಶದಿಂದ ಹೋಗಲಿಲ್ಲ. 1950ರಲ್ಲಿ ಹೊರಟವರಲ್ಲೂ ಹೆಚ್ಚಿನವರು ಹೇಳಿದ್ದು ಇದೇ ಮಾತು.

ಅಂಗಡಿಗಳು ಒಂದೊಂದಾಗಿ ಕಳಚಿದವು. ಮಾಂಟ್‌ಗೊಮರಿ ವಾರ್ಡ್ 1998ರಲ್ಲಿ, ಜೆ.ಸಿ. ಪೆನ್ನಿ 2000ದ ಹೊತ್ತಿಗೆ. ಡೇಟನ್ ಹಡ್ಸನ್ ಕಂಪನಿ 2000ದಲ್ಲಿ ತನ್ನ ಹೆಸರನ್ನೇ ಟಾರ್ಗೆಟ್ ಎಂದು ಬದಲಿಸಿಕೊಂಡಿತು. 2001ರಲ್ಲಿ ನಾರ್ತ್‌ಲ್ಯಾಂಡಿನ ನಡುಗಟ್ಟಡದ ಮೇಲಿನ ಹಡ್ಸನ್ಸ್ ಫಲಕ ಇಳಿದು ಮಾರ್ಷಲ್ ಫೀಲ್ಡ್ಸ್ ಏರಿತು, 2006ರಲ್ಲಿ ಅದೂ ಇಳಿದು ಮೇಸೀಸ್ ಬಂತು. ಒಂದು ಕಾಲಕ್ಕೆ ಹಡ್ಸನ್ಸ್‌ಗಿಂತ ದೊಡ್ಡದು ಎಂದು ಡೆಟ್ರಾಯ್ಟಿನವರು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಿದ್ದ ಏಕೈಕ ಅಂಗಡಿ.

ಕೊನೆಯ ವರ್ಷಗಳು: 2008ರಿಂದ 2015

2008ರಲ್ಲಿ ನ್ಯೂಯಾರ್ಕಿನ ಆಶ್ಕೆನಾಜಿ ಅಕ್ವಿಸಿಷನ್ ಕಂಪನಿ ಮಾಲನ್ನು 3 ಕೋಟಿ 10 ಲಕ್ಷ ಡಾಲರಿಗೆ ಕೊಂಡಿತು. ಐವತ್ತು ಚಿಲ್ಲರೆ ವರ್ಷದ ಹಿಂದೆ ಕಟ್ಟಿದ ಖರ್ಚಿನಷ್ಟೇ, ಹಣದ ಬೆಲೆ ಎಷ್ಟು ಕುಸಿದಿತ್ತು ಎಂಬುದನ್ನು ಸೇರಿಸಿಕೊಂಡು ಓದುಗರೇ ಲೆಕ್ಕ ಹಾಕಬಹುದು. ಅದೇ ವರ್ಷ ದೇಶದ ಅರ್ಥವ್ಯವಸ್ಥೆ ಮಕಾಡೆ ಮಲಗಿತು, ಮರುವರ್ಷ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿದವು, 2013ರಲ್ಲಿ ಡೆಟ್ರಾಯ್ಟ್ ನಗರವೇ ಹಾಕಿತು. ಅಂಗಡಿಗೆ ಹೋಗದೆಯೇ ಕೊಳ್ಳುವ ಅಭ್ಯಾಸವೂ ಅಷ್ಟರಲ್ಲಿ ಬೆಳೆದಿತ್ತು. ಅಂತರ್ಜಾಲವೇ ಮಾಲ್‌ಗಳನ್ನು ಕೊಂದಿತು ಎಂಬ ಮಾತು ಚಾಲ್ತಿಯಲ್ಲಿದೆ. ನಾರ್ತ್‌ಲ್ಯಾಂಡಿನ ಮಟ್ಟಿಗೆ ಅದು ಹೆಣಕ್ಕೆ ಇರಿದಂತೆ. ದೊಡ್ಡ ಅಂಗಡಿಗಳಲ್ಲಿ ಹಲವು ಅದಕ್ಕೆ ಮೊದಲೇ ಹೋಗಿದ್ದವು. 2014ರ ಜನವರಿಯಲ್ಲಿ ಕಾವಲುಗಾರರು ನೆಲಕ್ಕೊತ್ತಿ ಹಿಡಿದಾಗ ಒಬ್ಬ ಯುವಕ ಸತ್ತದ್ದು ಸಂಸ್ಥೆಯ ಚರಿತ್ರೆಯ ಅತ್ಯಂತ ದುಃಖದ ದಿನ.

ಸಾಲದ ಕಂತು ನಿಂತಿತು. ಕೋರ್ಟು ರಿಸೀವರನ್ನು ನೇಮಿಸಿತು. 2015ರ ಆರಂಭದಲ್ಲಿ ಮಾಲಿನಲ್ಲಿದ್ದ ಟಾರ್ಗೆಟ್ ಅಂಗಡಿ ಮುಚ್ಚಿತು: ಅಂದರೆ ನಾರ್ತ್‌ಲ್ಯಾಂಡನ್ನು ಕಟ್ಟಿದ ಕಂಪನಿಯ ವಾರಸುದಾರರೇ ಬಾಗಿಲೆಳೆದುಕೊಂಡು ಹೊರಟರು. ಮೇಸೀಸ್ ಮಾರ್ಚ್‌ನಲ್ಲಿ ಮುಚ್ಚಿತು. ದೊಡ್ಡಂಗಡಿ ಹೋದ ಮೇಲೆ ನಡಿಗೆಯ ಲೆಕ್ಕಕ್ಕೆ ಅರ್ಥವೇ ಇಲ್ಲ. ಫೆಬ್ರವರಿಯಲ್ಲೇ ಓಕ್ಲೆಂಡ್ ಕೌಂಟಿಯ ನ್ಯಾಯಾಲಯ ಮಾಲ್ ಮುಚ್ಚಲು ಆದೇಶ ಕೊಟ್ಟಿತ್ತು. ಉಳಿದಿದ್ದ ಸಣ್ಣ ಅಂಗಡಿಯವರು, ಅವರಲ್ಲಿ ವರ್ಷಗಟ್ಟಲೆ ಅಲ್ಲೇ ವ್ಯಾಪಾರ ಮಾಡಿಕೊಂಡಿದ್ದವರೂ ಇದ್ದರು, ವಾರಗಳ ಅಂತರದಲ್ಲಿ ಖಾಲಿ ಮಾಡಬೇಕಾಯಿತು. ಅವರ ಜಗಳ ತಕರಾರುಗಳ ವಿವರ ಈ ಸಂಚಿಕೆಗೆ ಒಗ್ಗುವಂಥದಲ್ಲ, ಆದರೆ ತಕರಾರು ಇರಲಿಲ್ಲ ಎಂದು ಬರೆಯಲಾಗದು.

2015ರ ನಂತರ

ಅದೇ ವರ್ಷದ ಕೊನೆಗೆ ಸೌತ್‌ಫೀಲ್ಡ್ ನಗರಸಭೆ ಇಡೀ ಜಾಗವನ್ನು 24 ಲಕ್ಷ ಡಾಲರಿಗೆ ಕೊಂಡಿತು. ಊರಿನ ಹೆಬ್ಬಾಗಿಲಲ್ಲಿ ಪಾಳುಬಿದ್ದ ಮಾಲ್ ಇಟ್ಟುಕೊಂಡು ಕೂರುವುದಕ್ಕಿಂತ ಇದು ಲೇಸು ಎಂಬುದು ಅವರ ತೀರ್ಮಾನ. ಶಿಲ್ಪಗಳನ್ನೂ ಊರೇ ಉಳಿಸಿಕೊಂಡಿತು. ‘ಬಾಲಕ ಮತ್ತು ಕರಡಿ’ ಈಗ ಸೌತ್‌ಫೀಲ್ಡ್ ಸಾರ್ವಜನಿಕ ಗ್ರಂಥಾಲಯದಲ್ಲಿದೆ, ಮಕ್ಕಳ ಕೊರತೆ ಅದಕ್ಕೆ ಅಲ್ಲಿಯೂ ಇಲ್ಲ. 2017ರಲ್ಲಿ ಮಾಲಿನ ಭಾಗಗಳನ್ನು ಕೆಡಹುವ ಕೆಲಸ ಶುರುವಾಯಿತು. ನಡುವಿನ ಹಡ್ಸನ್ಸ್ ಕಟ್ಟಡವನ್ನು ಉಳಿಸಿಕೊಂಡರು.

ಉಳಿದವುಗಳ ಸುದ್ದಿಯನ್ನೂ ದಾಖಲಿಸಬೇಕು. ಈಸ್ಟ್‌ಲ್ಯಾಂಡ್ 2021ರಲ್ಲಿ ಮುಚ್ಚಿತು, ಆಮೇಲೆ ನೆಲಸಮವಾಯಿತು. ನಾರ್ತ್‌ಲ್ಯಾಂಡಿನ ಗಿರಾಕಿಗಳನ್ನು ಒಂದು ಕಾಲಕ್ಕೆ ಸೆಳೆದುಕೊಂಡ ಸ್ಟರ್ಲಿಂಗ್ ಹೈಟ್ಸ್‌ನ ಲೇಕ್‌ಸೈಡ್ 2024ರ ಜುಲೈ 1ರಂದು ಕೊನೆಯ ವ್ಯಾಪಾರ ಮುಗಿಸಿತು. ಇತ್ತ ವುಡ್‌ವರ್ಡ್ ರಸ್ತೆಯಲ್ಲಿ, ಹಳೆಯ ಹಡ್ಸನ್ಸ್ ನಿಂತಿದ್ದ ಜಾಗದಲ್ಲಿ ಅದೇ ಹೆಸರಿನ ಹೊಸ ಗೋಪುರ ಎದ್ದಿದೆ. ತನ್ನ ಮುಖ್ಯ ಕಚೇರಿಯನ್ನು ಅಲ್ಲಿಗೆ ಒಯ್ಯುವುದಾಗಿ ಜನರಲ್ ಮೋಟಾರ್ಸ್ 2024ರಲ್ಲಿ ಪ್ರಕಟಿಸಿತು. ನಡುಪೇಟೆಗೆ ಹಣ ಮರಳುತ್ತಿದೆ.

ನಾರ್ತ್‌ಲ್ಯಾಂಡನ್ನು 2021ರಲ್ಲಿ ಕಾಂಟೂರ್ ಎಂಬ ಸ್ಥಳೀಯ ಕಂಪನಿ ನಗರಸಭೆಯಿಂದ ಕೊಂಡಿದೆ. ಕಾರು ನಿಲ್ಲುತ್ತಿದ್ದ ಬಯಲಿನಲ್ಲಿ ಅಪಾರ್ಟ್‌ಮೆಂಟುಗಳು, ಹಡ್ಸನ್ಸ್ ಕಟ್ಟಡದೊಳಗೂ ಮನೆಗಳು, ನಡುನಡುವೆ ಅಂಗಡಿ ಮತ್ತು ಕಚೇರಿ ಎಂಬುದು ಯೋಜನೆ. ಮಾಲಿನ ಸುತ್ತ ಜನ ವಾಸವಿರಬೇಕು ಎಂದು ಗ್ರೂಯನ್ ಬಡಕೊಂಡಿದ್ದು ಇದನ್ನೇ. ಅಂದು ಅಂಗಡಿ ಮೊದಲು ಬಂತು, ಮನೆಗಳನ್ನು ಬಯಲಿಗೇ ಬಿಟ್ಟರು. ಈ ಸಲ ಬಾಡಿಗೆದಾರರು ಮೊದಲು ಬರುತ್ತಿದ್ದಾರೆ, ಅಂಗಡಿಗಳು ಅವರ ಹಿಂದೆ ಬರಬೇಕಾಗಿದೆ.